ಪವರ್ ಟಿಲ್ಲರಿಗೂ ಬೇಕು ದಿನದ ಆರೈಕೆ



ಎತ್ತು ಸೋತರೆ ನಿಂತು ತಿಳಿಸುತ್ತದೆ. ಯಂತ್ರ ಹಾಗಲ್ಲ, ಎಣ್ಣೆ ಕಡಿಮೆಯಾದರೂ ಓಡುತ್ತಲೇ ಇದ್ದು ಒಳಗೊಳಗೇ ಸವೆಯುತ್ತದೆ. ಕೆಸರುಗದ್ದೆ ಹದಕ್ಕೆ ಬಂದ ದಿನವೇ ಟಿಲ್ಲರು ಕೈಕೊಟ್ಟರೆ ನಾಟಿ ತಡವಾಗಿ ಒಟ್ಲುಪೈರು ಬಲಿತುಹೋಗುತ್ತದೆ.

ಬೆಳಿಗ್ಗೆ ಟಿಲ್ಲರನ್ನು ಸಮನೆಲದಲ್ಲಿ ನಿಲ್ಲಿಸಿ. ಇಂಜಿನ್ ಶುರುಮಾಡುವ ಮೊದಲೇ ಎಣ್ಣೆಯ ಅಳತೆಕಡ್ಡಿ ತೆಗೆದು ಒರೆಸಿ, ಮತ್ತೆ ಅದ್ದಿ ನೋಡಿ. ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು. ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಬೆರೆತಿದೆಯೆಂದು ತಿಳಿಯಿರಿ. ಓಡಿಸದೆ ಮೆಕ್ಯಾನಿಕ್‌ಗೆ ತೋರಿಸಿ. ರೇಡಿಯೇಟರಿನ ನೀರನ್ನೂ ನೋಡಿ. ಬಿಸಿಯಾಗಿದ್ದಾಗ ಮಾತ್ರ ಮುಚ್ಚಳ ತೆಗೆಯಲೇಬೇಡಿ. ಕುದಿನೀರು ಮುಖಕ್ಕೆ ಚಿಮ್ಮೀತು.

“ಏರ್ ಕ್ಲೀನರಿಗೆ ಇಷ್ಟೊಂದು ಉಪಚಾರ ಯಾಕಪ್ಪಾ?” ಎನ್ನುವವರುಂಟು. ಒಳಹೊಕ್ಕ ದೂಳು ಎಣ್ಣೆಯೊಡನೆ ಕೂಡಿ, ಸಾಣೆಕಲ್ಲಿನಂತೆ ಸಿಲಿಂಡರನ್ನೂ ಪಿಸ್ಟನ್ ರಿಂಗುಗಳನ್ನೂ ಉಜ್ಜಿಹಾಕುತ್ತದೆ. ಆದ್ದರಿಂದ ಒಣನೆಲ ಉತ್ತ ದಿನ ಅದರ ಎಣ್ಣೆಬಟ್ಟಲನ್ನು ಬಿಚ್ಚಿ, ಕೊಳೆ ಎಣ್ಣೆಯನ್ನು ಡಬ್ಬಿಗೆ ಬಸಿದು, ಡೀಸೆಲ್‌ನಲ್ಲಿ ತೊಳೆದು, ಗುರುತಿನವರೆಗೆ ಹೊಸ ಎಣ್ಣೆ ತುಂಬಿರಿ.

ಸಂಜೆ ಇಂಜಿನ್ ನಿಲ್ಲಿಸಿದ ಮೇಲೆಯೇ ರೋಟರಿಗೆ ಸುತ್ತಿದ ಹುಲ್ಲು ಬಿಡಿಸಿ, ಕೆಸರು ತೊಳೆದು, ಬ್ಲೇಡಿನ ಬೋಲ್ಟುಗಳನ್ನು ಬಿಗಿಮಾಡಿ. ಡೀಸೆಲನ್ನು ಅಂದೇ ತುಂಬಿಸಿಡಿ; ಬರಿದಾದ ಟ್ಯಾಂಕಿನೊಳಗೆ ರಾತ್ರಿಯ ತಂಪಿಗೆ ನೀರು ಹನಿಗಟ್ಟುತ್ತದೆ.

ಇಂಜಿನ್ ಎಣ್ಣೆಯನ್ನು ಎಷ್ಟು ಗಂಟೆಗೊಮ್ಮೆ ಬದಲಿಸಬೇಕೆಂಬುದು ಯಂತ್ರದೊಡನೆ ಬಂದ ಪುಸ್ತಕದಲ್ಲಿದೆ. ದುಡಿದ ಗಂಟೆಗಳನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬರೆಯುತ್ತಾ ಬನ್ನಿ. ಓದುವ ಮಕ್ಕಳಿಗೆ ಈ ಲೆಕ್ಕ ಒಪ್ಪಿಸಿದರೂ ಆದೀತು.

ದಿನಕ್ಕೆ 15 ನಿಮಿಷ ಕೊಡಿ. ನಾಟಿಯ ದಿನ ಟಿಲ್ಲರು ನಿಮ್ಮ ಕೈಬಿಡದು.