ಜೀಪಿನೊಳಗೊಂದು ಮಲಗುವ ಮನೆ

ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಮರ್ಸಿಡಿಸ್ ಬೆಂಝ್ ಕಾರುಗಳ ವಸ್ತುಸಂಗ್ರಹಾಲಯವಿದೆ. ಥಳಥಳಿಸುವ ಹಳೆಯ ಕಾರುಗಳೂ ಪಂದ್ಯ ಗೆದ್ದ ಗಾಡಿಗಳೂ ಇರುವ ಆ ಜಾಗಕ್ಕೆ 2014ರಲ್ಲಿ ಹೊಸ ಸದಸ್ಯನೊಬ್ಬ ಬಂದು ಸೇರಿದ. ನೀಲಿ ಬಣ್ಣದ, ಪೆಟ್ಟಿಗೆಯಂಥ ಮೈಕಟ್ಟಿನ ಆ ಗಾಡಿಯ ಹೆಸರು ‘ಒಟ್ಟೊ’. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವ ‘300 ಜಿಡಿ’ ಮಾದರಿಯ ಡೀಸೆಲ್ ವಾಹನ. ಎಂಜಿನ್ನಿನ ಶಕ್ತಿ ಬರೀ 88 ಅಶ್ವಶಕ್ತಿ. ಆದರೆ ಅದು ಕ್ರಮಿಸಿದ ದೂರ ಎಷ್ಟು ಗೊತ್ತೆ? ಸುಮಾರು 9 ಲಕ್ಷ ಕಿಲೋಮೀಟರ್. ಭೂಮಿಯನ್ನು ಸಮಭಾಜಕ ವೃತ್ತದ ಉದ್ದಕ್ಕೂ 22 ಸಲ ಸುತ್ತಿ ಬಂದಷ್ಟು!

ಈ ಗಾಡಿಯ ಒಡೆಯ ಗುಂಥರ್ ಹೋಲ್ಟೋರ್ಫ್. ಲುಫ್ತಾನ್ಸಾ ವಿಮಾನ ಸಂಸ್ಥೆಯಲ್ಲಿ ದುಡಿದವರು. ಇಂಡೋನೇಷ್ಯಾದ ಜಕಾರ್ತದಲ್ಲಿದ್ದಾಗ ಆ ಮಹಾನಗರದ ವಿವರವಾದ ನಕ್ಷೆ ತಯಾರಿಸಿದ್ದರು. 1980ರ ದಶಕದ ಕೊನೆಯಲ್ಲಿ ಕೆಲಸ ಬಿಟ್ಟು ಆಫ್ರಿಕಾ ನೋಡಲು ಹೊರಟರು. ಒಂದೂವರೆ ವರ್ಷದಲ್ಲಿ ಮುಗಿಯಬೇಕಿದ್ದ ಪ್ರವಾಸ ಬೆಳೆಯುತ್ತ 26 ವರ್ಷವಾಯಿತು. ನೋಡಿದ ದೇಶಗಳು 170ನ್ನು ಮೀರಿದವು. ಬಾಳಸಂಗಾತಿ ಕ್ರಿಸ್ಟಿನ್ ಅದರಲ್ಲಿ ಬಹುಪಾಲು ದಾರಿಗೆ ಜೊತೆಯಾಗಿದ್ದರು. 2010ರಲ್ಲಿ ಕ್ಯಾನ್ಸರ್ ಆಕೆಯನ್ನು ಕೊಂಡೊಯ್ದಿತು. ಪಯಣ ನಿಲ್ಲಬಾರದೆಂಬುದು ಆಕೆಯ ಆಸೆಯಾಗಿತ್ತು. ಹೋಲ್ಟೋರ್ಫ್ 2014ರವರೆಗೂ ಅದನ್ನು ನಡೆಸಿದರು. 2021ರಲ್ಲಿ ಅವರೂ ತೀರಿಕೊಂಡರು.

ಇಷ್ಟು ವರ್ಷ ಇವರು ಮಲಗಿದ್ದೆಲ್ಲಿ? ಹೆಚ್ಚಿನ ರಾತ್ರಿಗಳು ಕಳೆದದ್ದು ಒಟ್ಟೊದ ಹಿಂಬದಿಯಲ್ಲೇ. ಹಿಂದಿನ ಸೀಟುಗಳನ್ನು ಕಿತ್ತು, ಆ ಜಾಗದಲ್ಲಿ ಹಾಸಿಗೆ ಹಾಕಿ, ಕೆಳಗೆ ಪೆಟ್ಟಿಗೆಗಳನ್ನು ಜೋಡಿಸಿದ್ದರು. ಅಡುಗೆ ಪಾತ್ರೆ, ಹತಾರ, ಗಾಡಿಯ ನೂರಾರು ಬಿಡಿಭಾಗ, ಎಲ್ಲಕ್ಕೂ ಅಲ್ಲಲ್ಲೇ ಒಂದು ಜಾಗ. ಸೆಕೆ ಹೆಚ್ಚಾದರೆ ಹೊರಗೆ ತೂಗುಮಂಚ. ಹೋಟೆಲಿನ ಖರ್ಚಿಲ್ಲ, ಕತ್ತಲಾಗುವ ಮುಂಚೆ ಊರು ಸೇರಬೇಕೆಂಬ ಧಾವಂತವೂ ಇಲ್ಲ. ಇಷ್ಟು ದೀರ್ಘ ಪ್ರವಾಸ ಅವರ ಕೈಗೆಟುಕಿದ್ದರಲ್ಲಿ ಆ ಪುಟ್ಟ ಹಾಸಿಗೆಯ ಪಾಲು ಸಣ್ಣದಲ್ಲ.

ಈಗ ನಮ್ಮಲ್ಲೂ ಇಂಥ ಗಾಡಿಗಳಲ್ಲಿ ಲಡಾಖ್, ಸ್ಪಿತಿ ಎಂದು ಹೊರಡುವ ಕುಟುಂಬಗಳಿವೆ, ಕಾಲೇಜು ಮುಗಿಸಿದ ಗೆಳೆಯರ ಗುಂಪುಗಳಿವೆ. ಹಿಂಬದಿಯಲ್ಲಿ ಒಂದು ಹಾಸಿಗೆ ಎಸೆದರೆ ಆಯಿತಲ್ಲ ಎಂದು ಹಲವರು ಭಾವಿಸುತ್ತಾರೆ. ಆದರೆ ಇಲ್ಲಿ ಬಡಗಿಯ ಕೆಲಸಕ್ಕಿಂತ ಲೆಕ್ಕ ಮತ್ತು ವಿಜ್ಞಾನದ ಕೆಲಸವೇ ಹೆಚ್ಚು. ಪ್ರೌಢಶಾಲೆಯ ಪಾಠಗಳೇ ಸಾಕು. ಅವನ್ನು ಮರೆತರೆ ಮಾತ್ರ ಪ್ರಾಣಕ್ಕೇ ಸಂಚಕಾರ.

ಮೊದಲು ಅಳತೆ

ಗರಗಸ ಹಿಡಿಯುವ ಮುನ್ನ ಟೇಪು ಹಿಡಿಯಬೇಕು. ಮಲಗುವವರ ಎತ್ತರಕ್ಕಿಂತ ಹಾಸಿಗೆ ಒಂದು ಗೇಣಾದರೂ ಉದ್ದವಿರಬೇಕು. ಹಲವು ಗಾಡಿಗಳಲ್ಲಿ ಮುಂದಿನ ಸೀಟಿನ ಬೆನ್ನಿನಿಂದ ಹಿಂಬಾಗಿಲವರೆಗೆ ಅಷ್ಟು ಜಾಗ ಇರುವುದಿಲ್ಲ. ಅದಕ್ಕೊಂದು ಉಪಾಯವುಂಟು. ಹಲಗೆಯ ತುದಿಗೆ ಕೀಲು ಹಾಕಿ ಮಡಚುವ ತುಂಡೊಂದನ್ನು ಜೋಡಿಸುವುದು. ರಾತ್ರಿ ಮುಂದಿನ ಸೀಟನ್ನು ಮುಂದಕ್ಕೆ ಸರಿಸಿ, ಆ ತುಂಡನ್ನು ಬಿಡಿಸಿ, ಕೆಳಗೆ ಕಾಲು ಕೊಟ್ಟರೆ ಉದ್ದ ಸರಿಹೋಗುತ್ತದೆ.

ಎತ್ತರದ್ದು ಇನ್ನೂ ಸೂಕ್ಷ್ಮ. ಹಾಸಿಗೆಯ ಕೆಳಗೆ ದೊಡ್ಡ ಪೆಟ್ಟಿಗೆಗಳು ಬೇಕೆಂದು ಹಲಗೆಯನ್ನು ಮೇಲಕ್ಕೇರಿಸಿದರೆ, ಎದ್ದು ಕೂತಾಗ ತಲೆ ಚಾವಣಿಗೆ ಬಡಿಯುತ್ತದೆ. ಕೂತ ವ್ಯಕ್ತಿಗೆ ಆಸನದಿಂದ ನೆತ್ತಿಯವರೆಗೆ ಸುಮಾರು 90 ಸೆಂಟಿಮೀಟರ್ ಬೇಕು. ಹಾಸಿಗೆಯ ದಪ್ಪವೂ ಆ ಲೆಕ್ಕಕ್ಕೆ ಸೇರಬೇಕು. ಆದ್ದರಿಂದ ಮೊದಲು ರಟ್ಟಿನಲ್ಲಿ ಮಾದರಿ ಕತ್ತರಿಸಿ ಒಳಗಿಟ್ಟು, ಮೇಲೆ ಒಮ್ಮೆ ಮಲಗಿ ನೋಡುವುದು ಜಾಣತನ. ರಟ್ಟು ಹಾಳಾದರೆ ನಷ್ಟವೇನಿಲ್ಲ.

ತೂಕದ ಲೆಕ್ಕ

ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ, 18 ಮಿಲಿಮೀಟರ್ ದಪ್ಪದ ಒಂದು ಪ್ಲೈವುಡ್ ಹಲಗೆ ಸುಮಾರು 30 ಕಿಲೋ ತೂಗುತ್ತದೆ. ಅದೇ 12 ಮಿಲಿಮೀಟರ್ ದಪ್ಪದ್ದಾದರೆ ಸುಮಾರು 20 ಕಿಲೋ. ಒಂದು ಲೀಟರ್ ನೀರಿಗೆ ಒಂದು ಕಿಲೋ. ಎರಡು ಕ್ಯಾನು ನೀರೆಂದರೆ 40 ಕಿಲೋ. ಇದಕ್ಕೆ ಒಲೆ, ಬಟ್ಟೆ, ಹತಾರ, ನಾಲ್ಕು ಜನ ಸೇರಿದರೆ ಗಾಡಿ ಹೊರಬಹುದಾದ ಗರಿಷ್ಠ ತೂಕ ಎಷ್ಟು ಬೇಗ ಮುಟ್ಟುತ್ತದೆಂದು ಮಕ್ಕಳೇ ಕೂಡಿಸಿ ಹೇಳಬಲ್ಲರು.

ತೂಕ ಎಷ್ಟಿದೆ ಎಂಬುದರಷ್ಟೇ ಮುಖ್ಯ, ಅದು ಎಲ್ಲಿದೆ ಎಂಬುದು. ಭಾರದ ವಸ್ತುಗಳು ಆದಷ್ಟು ಕೆಳಗೆ, ಮುಂದಿನ ಹಾಗೂ ಹಿಂದಿನ ಚಕ್ರಗಳ ನಡುವೆ ಇರಬೇಕು. ಚಾವಣಿಯ ಮೇಲೆ ಹೇರಿದಷ್ಟೂ ಗುರುತ್ವ ಕೇಂದ್ರ ಮೇಲಕ್ಕೇರುತ್ತದೆ. ಘಾಟಿಯ ತಿರುವಿನಲ್ಲಿ ಗಾಡಿ ವಾಲುವುದು ಆಗಲೇ. ಪ್ರತಿ ಪೆಟ್ಟಿಗೆಯನ್ನೂ ಪಟ್ಟಿಯಿಂದ ಬಿಗಿಯಬೇಕು. ಡಿಕ್ಕಿಯ ಕ್ಷಣದಲ್ಲಿ ಸಡಿಲವಾದ ಪೆಟ್ಟಿಗೆ ತನ್ನ ತೂಕದ ಹಲವು ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಗಾಡಿ ಓಡುತ್ತಿರುವಾಗ ಮಕ್ಕಳನ್ನು ಈ ಹಾಸಿಗೆಯ ಮೇಲೆ ಮಲಗಿಸಲೇಬಾರದು ಎನ್ನುವುದೂ ಇದೇ ಕಾರಣಕ್ಕೆ. ಅದು ನಿಂತ ಗಾಡಿಯ ಹಾಸಿಗೆ. ಓಡುವ ಗಾಡಿಯಲ್ಲಿ ಸೀಟು ಮತ್ತು ಬೆಲ್ಟೇ ಸರಿ.

ಗಾಜಿನ ಮೇಲಿನ ಹನಿ

ರಾತ್ರಿ ಎಲ್ಲ ಗಾಜುಗಳನ್ನೂ ಏರಿಸಿ ಮಲಗಿದವರಿಗೆ ಬೆಳಿಗ್ಗೆ ಅಚ್ಚರಿ ಕಾದಿರುತ್ತದೆ. ಗಾಜಿನಿಂದ ನೀರು ಇಳಿಯುತ್ತಿರುತ್ತದೆ, ಹೊದಿಕೆ ತಣ್ಣಗೆ ಒದ್ದೆ. ಮಳೆ ಬಂದಿರುವುದಿಲ್ಲ. ಒಬ್ಬ ಮನುಷ್ಯ ಒಂದು ರಾತ್ರಿಯಲ್ಲಿ ಉಸಿರು ಮತ್ತು ಚರ್ಮದ ಮೂಲಕ ಸುಮಾರು ಕಾಲು ಲೀಟರ್ ನೀರನ್ನು ಆವಿಯಾಗಿ ಹೊರಹಾಕುತ್ತಾನೆ. ಆ ಆವಿ ತಣ್ಣನೆಯ ಗಾಜಿಗೂ ತಗಡಿಗೂ ತಾಗಿ ಹನಿಯಾಗುತ್ತದೆ. ಹುಲ್ಲಿನ ಮೇಲೆ ಇಬ್ಬನಿ ಕೂರುವ ಪಾಠವೇ ಇದು.

ಪರಿಹಾರ ಸರಳ. ಎದುರುಬದುರು ಇರುವ ಎರಡು ಗಾಜುಗಳನ್ನು ಎರಡೆರಡು ಬೆರಳಷ್ಟು ಇಳಿಸಿ, ಸೊಳ್ಳೆಪರದೆಯ ಬಟ್ಟೆ ಕಟ್ಟಿದರೆ ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗುತ್ತದೆ. ಹಲಗೆಗೆ ಅಲ್ಲಲ್ಲಿ ರಂಧ್ರ ಕೊರೆದರೆ ಹಾಸಿಗೆಯ ಅಡಿಯೂ ಬೂಷ್ಟು ಹಿಡಿಯದು. ಗಾಳಿ ಸಾಲದಿದ್ದರೆ 3 ವ್ಯಾಟಿನ ಪುಟ್ಟ ಫ್ಯಾನು ಸಾಕು. ಎಂಟು ಗಂಟೆಗೆ 24 ವ್ಯಾಟ್-ಗಂಟೆ. 12 ವೋಲ್ಟಿನ ಬ್ಯಾಟರಿಯಿಂದ ಬರೀ 2 ಆಂಪಿಯರ್-ಗಂಟೆ. ಆದರೆ ಫ್ಯಾನಿನ ಜೊತೆಗೆ ದೀಪ, ಫೋನು, ತಂಪುಪೆಟ್ಟಿಗೆಯೂ ಸೇರಿದರೆ ಬೆಳಿಗ್ಗೆ ಎಂಜಿನ್ ಚಾಲೂ ಆಗದಿರಬಹುದು. ಅದಕ್ಕೇ ದೂರ ಹೋಗುವವರು ಇವುಗಳಿಗೆಂದೇ ಎರಡನೆಯ ಬ್ಯಾಟರಿ ಇಡುತ್ತಾರೆ.

ಕಾಣದ ಶತ್ರು

2024ರ ಡಿಸೆಂಬರಿನಲ್ಲಿ ಕೇರಳದ ವಡಗರ ಬಳಿ ರಸ್ತೆ ಬದಿ ನಿಂತಿದ್ದ ಕ್ಯಾರವಾನ್ ಒಂದರೊಳಗೆ ಇಬ್ಬರು ಸತ್ತು ಬಿದ್ದಿದ್ದರು. ಜನರೇಟರಿನಿಂದ ಹೊರಟ ಕಾರ್ಬನ್ ಮೊನಾಕ್ಸೈಡ್ ಅನಿಲ ಒಳಗೆ ತುಂಬಿಕೊಂಡದ್ದೇ ಕಾರಣವೆಂದು ತನಿಖೆ ಹೇಳಿತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚಿನ ಒಲವಿನಿಂದ ಇದನ್ನು ಅಂಟಿಸಿಕೊಳ್ಳುತ್ತದೆ. ನಿದ್ದೆಯಲ್ಲಿದ್ದವರಿಗೆ ಉಸಿರುಗಟ್ಟುತ್ತಿದೆ ಎಂಬ ಅರಿವೂ ಆಗುವುದಿಲ್ಲ.

ಆದ್ದರಿಂದ ಕೆಲವು ನಿಯಮಗಳಿಗೆ ವಿನಾಯಿತಿಯೇ ಇಲ್ಲ. ಎಂಜಿನ್ ಚಾಲೂ ಇಟ್ಟು ಮಲಗಬಾರದು. ಗಾಡಿಯೊಳಗೆ ಒಲೆ ಹಚ್ಚಬಾರದು. ಚಳಿಯೆಂದು ಇದ್ದಿಲ ಕೆಂಡವನ್ನು ಒಳಗಿಡಬಾರದು. ಜನರೇಟರನ್ನು ಗಾಡಿಯ ಬಳಿ ಓಡಿಸಬಾರದು. ಗಾಜು ಸ್ವಲ್ಪ ಇಳಿಸಿದ್ದೇವಲ್ಲ ಎಂಬ ಸಮಾಧಾನ ಇಲ್ಲಿ ಸಾಲದು. ಈ ಅನಿಲವನ್ನು ಪತ್ತೆಮಾಡಿ ಕೂಗುವ, ಬ್ಯಾಟರಿಯಿಂದ ನಡೆಯುವ ಸಣ್ಣ ಯಂತ್ರ ಅಂಗಡಿಗಳಲ್ಲಿ ಸಿಗುತ್ತದೆ. ಬೇರೆ ಯಾವ ಅಲಂಕಾರಕ್ಕೂ ಮೊದಲು ಕೊಳ್ಳಬೇಕಾದದ್ದು ಅದನ್ನೇ. ಚಳಿಗೆ ದಪ್ಪನೆಯ ರಗ್ಗೂ ಉಣ್ಣೆಯ ಟೊಪ್ಪಿಯೂ ಸಾಕು.

ಕಾನೂನು ಏನನ್ನುತ್ತದೆ?

ಒಟ್ಟೊದ ಸೀಟುಗಳನ್ನು ಕಿತ್ತಂತೆ ನಮ್ಮಲ್ಲಿ ಮನಸ್ಸಿಗೆ ಬಂದ ಹಾಗೆ ಕೀಳುವಂತಿಲ್ಲ. ನೋಂದಣಿ ಪತ್ರದಲ್ಲಿ ಸೀಟುಗಳ ಸಂಖ್ಯೆಯೂ ನಮೂದಾಗಿರುತ್ತದೆ. ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆ ಒಡ್ಡುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಆದ್ದರಿಂದ ಸೀಟುಗಳನ್ನು ಮಡಚಿ, ಅವುಗಳ ಮೇಲೆ ನಿಲ್ಲಿಸಿ ಬೇಕೆಂದಾಗ ತೆಗೆದಿಡಬಹುದಾದ ಹಲಗೆಮಂಚವೇ ಕುಟುಂಬಗಳಿಗೆ ಹೆಚ್ಚು ಸೂಕ್ತ. ಮೈ ಕತ್ತರಿಸುವುದು, ವೆಲ್ಡಿಂಗ್ ಮಾಡಿಸುವುದು ಬೇಡ. ಅದಕ್ಕಿಂತ ಹೆಚ್ಚಿನದು ಬೇಕೆನಿಸಿದರೆ ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿ ತಿಳಿಯಬೇಕು.

ಅಂಗಳದಲ್ಲಿ ಮೊದಲ ರಾತ್ರಿ

ಮಂಚ ಸಿದ್ಧವಾದೊಡನೆ ಹಿಮಾಲಯಕ್ಕೆ ಹೊರಡಬೇಕಿಲ್ಲ. ಮೊದಲ ರಾತ್ರಿ ಮನೆಯಂಗಳದಲ್ಲೇ ಗಾಡಿ ನಿಲ್ಲಿಸಿ ಮಲಗಿ ನೋಡಿ. ಕಾಲು ಎಲ್ಲಿ ತಾಗುತ್ತದೆ, ಟಾರ್ಚು ಕತ್ತಲಲ್ಲಿ ಕೈಗೆ ಸಿಗುತ್ತದೆಯೇ, ಒಳಗಿನಿಂದ ಹಿಂಬಾಗಿಲು ತೆಗೆಯಲು ಬರುತ್ತದೆಯೇ ಎಂಬುದೆಲ್ಲ ಅಲ್ಲೇ ತಿಳಿಯುತ್ತದೆ. ಒಂದು ಕಾಗದದಲ್ಲಿ ಬರೆದಿಟ್ಟು, ಮರುದಿನ ಸರಿಪಡಿಸಿ, ಮತ್ತೆ ಮಲಗಿ ನೋಡಿ. ಅಳತೆಯನ್ನು ಮಗಳು ಬರೆದುಕೊಳ್ಳಲಿ, ತೂಕವನ್ನು ಮಗ ಕೂಡಿಸಲಿ. ತಪ್ಪಿದ್ದರೆ ತಂದೆತಾಯಿ ತಿದ್ದಲಿ.

ಒಟ್ಟೊದೊಳಗಿನ ಹಾಸಿಗೆಯಲ್ಲಿ ಐಷಾರಾಮವೇನೂ ಇರಲಿಲ್ಲ. ಯಾವುದು ಬೇಡ ಎಂಬುದನ್ನು ಚೆನ್ನಾಗಿ ಅರಿತಿದ್ದ ಇಬ್ಬರು ಅಲ್ಲಿ ನೆಮ್ಮದಿಯಾಗಿ ಮಲಗಿ, ಬೆಳಿಗ್ಗೆ ಕ್ಷೇಮವಾಗಿ ಎದ್ದು, ಮುಂದಿನ ಊರಿಗೆ ಹೊರಡುತ್ತಿದ್ದರು.