ನಿಮಗಿದು ಗೊತ್ತೆ? ರಿಯಾಕ್ಟರಿಗೂ ಬೇಕು ತೆಂಗಿನ ಕರಟ!

ಫ್ರಾನ್ಸಿನ ಕದರಾಶ್‌ನಲ್ಲಿ ನಿರ್ಮಾಣವಾಗುತ್ತಿರುವ ‘ಐಟರ್’ ಪರಮಾಣು ಸಮ್ಮಿಲನ ರಿಯಾಕ್ಟರಿಗೆ ತೆಂಗಿನ ಕರಟದ ಇದ್ದಿಲು ಬೇಕು. ಭಾರತವೂ ಪಾಲುದಾರನಾಗಿರುವ ಈ ದೈತ್ಯ ಯಂತ್ರದ ನಿರ್ವಾತ ಪಂಪುಗಳ ಒಳಫಲಕಗಳಿಗೆ ಈ ಇದ್ದಿಲನ್ನೇ ಅಂಟಿಸುತ್ತಾರೆ. ಇದರ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು. ಒಂದೇ ಗ್ರಾಂ ಇದ್ದಿಲಿನ ಒಳಮೈ ಸುಮಾರು 1,000 ಚದರ ಮೀಟರ್!

ಫಲಕಗಳನ್ನು ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿದಾಗ ಹೈಡ್ರೋಜನ್, ಅದರ ಭಾರದ ಸೋದರರಾದ ಡ್ಯೂಟೀರಿಯಂ, ಟ್ರಿಟಿಯಂ ಇದ್ದಿಲಿಗೆ ಅಂಟುತ್ತವೆ. ಯಾರೊಂದಿಗೂ ಬೆರೆಯದ ಹೀಲಿಯಂ ಕೂಡ ಸಿಕ್ಕಿಬೀಳುತ್ತದೆ. ಮತ್ತೆ ಬೇರ್ಪಡಿಸುವುದು ಹೇಗೆ? ತುಸು ಬಿಸಿ ಮಾಡಿದರಾಯಿತು. ಬಿಸಿ ಎಂದರೂ ನಮ್ಮ ಫ್ರೀಜರಿಗಿಂತ ಎಷ್ಟೋ ತಂಪು, ಬಿಡಿ. ಮೊದಲು ಕಳಚಿಕೊಳ್ಳುವುದು ಹೀಲಿಯಂ. ಹೈಡ್ರೋಜನ್ ಬಳಗ ಜಾಗ ಬಿಡಲು ಇನ್ನಷ್ಟು ಕಾವು ಬೇಕು.

ದ್ರವ ನೈಟ್ರೋಜನ್ನಿನ ತಂಪು, ಅಂದರೆ ಮೈನಸ್ 196 ಡಿಗ್ರಿ ಇದ್ದರೆ ಬೇರ್ಪಡಿಸುವುದು ಇನ್ನೂ ಸುಲಭ. ಹೀಲಿಯಂ ಸಲೀಸಾಗಿ ದಾಟಿಹೋಗುತ್ತದೆ. ಅದರೊಳಗೆ ಬೆರೆತ ಟ್ರಿಟಿಯಂ ಇದ್ದಿಲಿನಲ್ಲೇ ಉಳಿಯುತ್ತದೆ. ಮೂವರು ಸೋದರರಲ್ಲಿ ಭಾರ ಹೆಚ್ಚಿದಷ್ಟೂ ಹಿಡಿತ ಬಿಗಿ.

ಉಪಾಯ ಹೊಸದೇನಲ್ಲ. ಥರ್ಮಾಸ್ ಫ್ಲಾಸ್ಕಿನ ಮೂಲಪುರುಷ ಜೇಮ್ಸ್ ಡೀವರ್, 20ನೇ ಶತಮಾನದ ಮೊದಲ ದಶಕದಲ್ಲೇ ಕರಟದ ಇದ್ದಿಲನ್ನು ದ್ರವ ಗಾಳಿಯಲ್ಲಿ ತಣಿಸಿ ಅನಿಲ ಹೀರಿಸಿದ್ದರು.