ಚಾಮಯ್ಯ ಮೇಷ್ಟ್ರ ಹಿಂದೆ ಮರೆಯಾದ ಅಶ್ವಥ್

ಬೆಂಗಳೂರಿನ ವೈಯಾಲಿಕಾವಲ್‌ನ ಚೌಡಯ್ಯ ಸ್ಮಾರಕ ಭವನದಲ್ಲಿ ಹಳೆಯ ಚಿತ್ರಗೀತೆಗಳ ಕಾರ್ಯಕ್ರಮವಿದ್ದರೆ ಮಲ್ಲೇಶ್ವರ, ಶೇಷಾದ್ರಿಪುರ, ಸದಾಶಿವನಗರದ ಹಿರಿಯರೆಲ್ಲ ಬಂದು ಸೇರುತ್ತಾರೆ. ವಿರಾಮದಲ್ಲಿ ಕಾಫಿ ಹಿಡಿದು ನಿಂತವರ ಮಾತು ರಾಜ್‌ಕುಮಾರ್, ಕಲ್ಪನಾ, ವಿಷ್ಣುವರ್ಧನ್ ಎಂದು ಸಾಗಿ ಕೆ.ಎಸ್. ಅಶ್ವಥ್ ಅವರ ಹೆಸರಿಗೆ ಬರುತ್ತದೆ. ‘ಆಹಾ, ಚಾಮಯ್ಯ ಮೇಷ್ಟ್ರು!’ ಎನ್ನುತ್ತಾರೆ ಒಬ್ಬರು. ಎಲ್ಲರೂ ತಲೆದೂಗುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ. ಮುನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದ ಕಲಾವಿದರೊಬ್ಬರು ‘ನಾಗರಹಾವು’ ಚಿತ್ರದ ಈ ಒಂದೇ ಪಾತ್ರದೊಳಗೆ ಅಡಗಿಹೋಗಿರುವುದು, ಆ ಪಾತ್ರವನ್ನೂ ನಾವು ಅರ್ಧಂಬರ್ಧ ನೆನಪಿಟ್ಟುಕೊಂಡಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಅವರ ಬಗ್ಗೆ ಮತ್ತೆ ಮತ್ತೆ ಕಿವಿಗೆ ಬೀಳುವ ಕೆಲವು ಮಾತುಗಳನ್ನು ಇಲ್ಲಿ ತಿದ್ದಲು ಪ್ರಯತ್ನಿಸಿದ್ದೇನೆ.

ತಪ್ಪು ಕಲ್ಪನೆ: ಹಾಡುವ ಅಶ್ವಥ್ ಅವರೇ ನಟ ಅಶ್ವಥ್.

ವಾಸ್ತವ: ಇಬ್ಬರೂ ಬೇರೆ. ಭಾವಗೀತೆಗಳನ್ನು ಮನೆಮನೆಗೆ ಮುಟ್ಟಿಸಿದವರು ಸಿ. ಅಶ್ವಥ್. 2005ರಲ್ಲಿ ನಮ್ಮ ಪಕ್ಕದ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ನಡೆಸಿ ಜನಸಾಗರ ಸೇರಿಸಿದವರೂ ಅವರೇ. ನಟರು ಕರಗನಹಳ್ಳಿ ಸುಬ್ಬರಾಯ ಅಶ್ವತ್ಥನಾರಾಯಣ, 1925ರ ಮಾರ್ಚ್ 25ರಂದು ಮೈಸೂರಿನಲ್ಲಿ ಹುಟ್ಟಿದವರು. ಈಗಿನ ಹುಡುಗರಿಗೆ ಹೆಸರು ಕಲಸಿಹೋಗಲು ಕಾರಣವೂ ಇದೆ. ಸಿ. ಅಶ್ವಥ್ ತೀರಿಕೊಂಡದ್ದು 2009ರ ಡಿಸೆಂಬರ್ 29ರಂದು. ಮರುದಿನವೇ ವಿಷ್ಣುವರ್ಧನ್ ಹೋದರು. 2010ರ ಜನವರಿ 18ರಂದು ಕೆ.ಎಸ್. ಅಶ್ವಥ್. ಮೂರು ವಾರದೊಳಗೆ ಮೂರು ಸಾವು. ಪತ್ರಿಕೆಗಳ ಶ್ರದ್ಧಾಂಜಲಿ ಪುಟಗಳಲ್ಲಿ ಬೆರೆತ ಹೆಸರುಗಳು ನಮ್ಮ ನೆನಪಿನಲ್ಲೂ ಬೆರೆತವು.

ತಪ್ಪು ಕಲ್ಪನೆ: ಅಶ್ವಥ್ ಚಿತ್ರರಂಗಕ್ಕೆ ಬಂದದ್ದೇ ಅಪ್ಪನಾಗಿ, ವಯಸ್ಸಾದ ಮೇಲೆ.

ವಾಸ್ತವ: ಅವರು ಬಂದದ್ದು ನಾಯಕನಾಗಿ. 1955ರ ‘ಸ್ತ್ರೀರತ್ನ’ ಅವರ ಮೊದಲ ಚಿತ್ರ. ಆಗ ಅವರಿಗೆ ಮೂವತ್ತು. ಅದಕ್ಕೂ ಮೊದಲು ಮೈಸೂರಿನ ರಂಗಭೂಮಿ ಮತ್ತು ಆಕಾಶವಾಣಿಯ ನಾಟಕಗಳಲ್ಲಿ ದನಿ ಹದಮಾಡಿಕೊಂಡಿದ್ದರು. ಮುಖ ಕಾಣದ ಕಡೆ ಬರೀ ಮಾತಿನಲ್ಲೇ ಮನುಷ್ಯನನ್ನು ಕಟ್ಟಿ ನಿಲ್ಲಿಸುವ ಅಭ್ಯಾಸ ಅದು. ಮುಂದೆ ಅವರ ಸಂಭಾಷಣೆಯಲ್ಲಿ ಒಂದು ಅಕ್ಷರವೂ ನುಂಗಿಹೋಗದೆ ಕೇಳುತ್ತಿದ್ದುದಕ್ಕೆ ಬೇರು ಅಲ್ಲಿದೆ ಎಂದು ನಾನು ನಂಬಿದ್ದೇನೆ.

ವಯಸ್ಸಿನ ಲೆಕ್ಕವನ್ನೂ ನೋಡಿ. ರಾಜ್‌ಕುಮಾರ್ ಹುಟ್ಟಿದ್ದು 1929ರಲ್ಲಿ. ಇಬ್ಬರ ನಡುವೆ ಬರೀ ನಾಲ್ಕು ವರ್ಷದ ಅಂತರ. ಆದರೂ 1974ರ ‘ಎರಡು ಕನಸು’ ಚಿತ್ರದಲ್ಲಿ ರಾಜ್‌ಗೆ ಅಪ್ಪ ಅಶ್ವಥ್, ಅಮ್ಮ ಪಂಡರಿಬಾಯಿ. ಇಪ್ಪತ್ತು ವರ್ಷ ಹಿಂದೆ ‘ಬೇಡರ ಕಣ್ಣಪ್ಪ’ದಲ್ಲಿ ಅದೇ ಪಂಡರಿಬಾಯಿ ರಾಜ್‌ಗೆ ನಾಯಕಿ! ‘ರಣಧೀರ ಕಂಠೀರವ’, ‘ಗಾಳಿಗೋಪುರ’ದ ಕಾಲದಲ್ಲಿ ನಾಯಕಿಯಾಗಿದ್ದ ಲೀಲಾವತಿ, ‘ನಾಗರಹಾವು’ ಬರುವ ಹೊತ್ತಿಗೆ ಅಶ್ವಥ್ ಅವರ ಮಡದಿ ತುಂಗಮ್ಮನಾಗಿ ಕಥಾನಾಯಕ ರಾಮಾಚಾರಿಗೆ ತಾಯಿಯ ಸ್ಥಾನದಲ್ಲಿ ನಿಂತಿದ್ದರು. ನಾಯಕ ಮಾತ್ರ ನಾಯಕನಾಗಿಯೇ ಉಳಿದ. ಜೊತೆಯವರು ಒಬ್ಬೊಬ್ಬರಾಗಿ ಮುಪ್ಪನ್ನು ಹೊತ್ತುಕೊಂಡರು. ತಲೆಗೆ ಬಿಳಿ ಬಣ್ಣ ಹಚ್ಚಿದ ಮಾತ್ರಕ್ಕೆ ಆ ಮುಪ್ಪನ್ನು ಯಾರೂ ನಂಬುವುದಿಲ್ಲ. ಓರಗೆಯವನ ಎದುರು ನಿಂತು ‘ಮಗನೇ’ ಎಂದಾಗ ಪ್ರೇಕ್ಷಕ ಒಪ್ಪಬೇಕಿತ್ತು. ಒಪ್ಪಿದ, ದಶಕಗಳ ಕಾಲ ಒಪ್ಪುತ್ತಲೇ ಇದ್ದ.

ತಪ್ಪು ಕಲ್ಪನೆ: ಚಾಮಯ್ಯ ಮೇಷ್ಟ್ರು ಆದರ್ಶ ಗುರು.

ವಾಸ್ತವ: ಇದೇ ಅತಿ ದೊಡ್ಡ ತಪ್ಪು. ಶಿಕ್ಷಕರ ದಿನಾಚರಣೆಯ ಭಾಷಣಗಳಲ್ಲೆಲ್ಲ ಚಾಮಯ್ಯ ಮೇಷ್ಟ್ರ ಹೆಸರು ಬರುತ್ತದೆ. ಹಾಗೆ ಭಾಷಣ ಮಾಡುವವರು ಚಿತ್ರವನ್ನು ಕೊನೆಯವರೆಗೆ ಇನ್ನೊಮ್ಮೆ ನೋಡಬೇಕು.

ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ ತೆಗೆದ ‘ನಾಗರಹಾವು’ 1972ರ ಡಿಸೆಂಬರ್ ಕೊನೆಯಲ್ಲಿ ತೆರೆಕಂಡಿತು. ಊರೆಲ್ಲ ಪುಂಡನೆನ್ನುವ ರಾಮಾಚಾರಿ ಬಗ್ಗುವುದು ಒಬ್ಬರಿಗೇ, ಮೇಷ್ಟ್ರಿಗೆ. ಮಕ್ಕಳಿಲ್ಲದ ಮೇಷ್ಟ್ರು ಆ ಹುಡುಗನ ಮೇಲೆ ಪ್ರಾಣವಿಟ್ಟುಕೊಂಡಿದ್ದಾರೆ. ಆ ಪ್ರೀತಿಯ ಬಲದಿಂದಲೇ ಅವನನ್ನು ಅವನು ಮೆಚ್ಚಿದ ಅಲಮೇಲುವಿನಿಂದ ದೂರ ಮಾಡುತ್ತಾರೆ, ತ್ಯಾಗದ ಹಿರಿಮೆ ಹೇಳಿ ಒಪ್ಪಿಸುತ್ತಾರೆ. ಬೈದು ಒಪ್ಪಿಸಿದ್ದರೆ ರಾಮಾಚಾರಿ ತಿರುಗಿ ಬೀಳುತ್ತಿದ್ದ. ಇಲ್ಲಿ ದನಿ ಮೆತ್ತಗಾಗುತ್ತದೆ, ಕಣ್ಣು ತೇವವಾಗುತ್ತದೆ, ಹುಡುಗ ಕರಗಿಹೋಗುತ್ತಾನೆ. ಮೇಷ್ಟ್ರ ಮಾತು ಗೆಲ್ಲುತ್ತದೆ. ಅಲಮೇಲುವಿನ ಬಾಳು ಹಾಳಾಗುತ್ತದೆ. ಆಕೆ ಯಾವ ಗತಿಗೆ ಬಿದ್ದಿದ್ದಾಳೆಂದು ರಾಮಾಚಾರಿ ಕಣ್ಣಾರೆ ಕಂಡಾಗ ಅವನ ನಂಬಿಕೆಯ ಬುಡವೇ ಅಲುಗುತ್ತದೆ. ಮುಂದೆ ಅವನು ಪ್ರೀತಿಸುವ ಮಾರ್ಗರೆಟ್ ವಿಷಯದಲ್ಲಿ ಮೇಷ್ಟ್ರು ಮತ್ತೆ ಅಡ್ಡ ನಿಲ್ಲುತ್ತಾರೆ. ಚಿತ್ರದುರ್ಗದ ಬೆಟ್ಟದ ಮೇಲಿನ ಆ ಕೊನೆಯ ದೃಶ್ಯದಲ್ಲಿ ಅಶ್ವಥ್ ಅವರನ್ನೇ ನೋಡುತ್ತಾ ಕೂರಿ. ಅದುವರೆಗೆ ಅಂಗೈಯಲ್ಲಿಟ್ಟು ಸಾಕಿದ ದನಿ ಗಡುಸಾಗುತ್ತದೆ. ಕೋಪಕ್ಕಿಂತ ಮಿಗಿಲಾಗಿ ಅಲ್ಲಿ ಹೆದರಿಕೆಯಿದೆ. ತಾನು ಕಟ್ಟಿಕೊಟ್ಟ ಬದುಕು ತನ್ನೆದುರೇ ಕುಸಿಯುತ್ತಿದೆ ಎಂಬ ಹೆದರಿಕೆ ಅದು. ರಾಮಾಚಾರಿ ಬೇಕೆಂದು ತಳ್ಳುವುದಿಲ್ಲ, ಆದರೂ ಮೇಷ್ಟ್ರು ಕಮರಿಗೆ ಬೀಳುತ್ತಾರೆ. ಹಿಂದೆಯೇ ರಾಮಾಚಾರಿ, ಮಾರ್ಗರೆಟ್ ಇಬ್ಬರೂ ಹಾರುತ್ತಾರೆ.

ಒಳ್ಳೆಯತನವೇ ಒಬ್ಬನ ಬಾಳನ್ನು ಹೇಗೆ ಕೆಡಿಸಬಲ್ಲದು ಎಂಬುದನ್ನು ತೋರಿಸುವ ಪಾತ್ರ ಇದು. ನೋಡುವವರಿಗೆ ಮೇಷ್ಟ್ರ ಮೇಲೆ ಸಿಟ್ಟು ಬರಬೇಕು, ಆದರೆ ಪ್ರೀತಿ ಕಡಿಮೆಯಾಗಬಾರದು. ನಲವತ್ತೇಳರ ಅಶ್ವಥ್ ಅದನ್ನು ಸಾಧಿಸಿದರು. ಅವರನ್ನು ಬರೀ ಆದರ್ಶ ಗುರು ಎಂದು ಕರೆದರೆ ಅವರು ಪಟ್ಟ ಶ್ರಮದ ಅರ್ಧಭಾಗವನ್ನು ನಾವೇ ಅಳಿಸಿದಂತೆ.

ತಪ್ಪು ಕಲ್ಪನೆ: ಅವರದು ಒಂದೇ ಬಗೆಯ ಸಾಧು ಪಾತ್ರ.

ವಾಸ್ತವ: 1971ರ ‘ಕಸ್ತೂರಿ ನಿವಾಸ’ದಲ್ಲಿ ಅವರು ಒಡೆಯನ ಐಶ್ವರ್ಯ ಕರಗುವುದನ್ನು ನೋಡುತ್ತಾ ಜೊತೆಬಿಡದ ಸೇವಕ ರಾಮಯ್ಯ. ‘ಎರಡು ಕನಸು’ ಚಿತ್ರದ ಅಪ್ಪನದು ಹಳೆಯ ಜಗಳಕ್ಕೆ ಜೋತುಬಿದ್ದು ಮಗನ ಪ್ರೀತಿ ಮುರಿಯುವ ಹಠ. ಪೌರಾಣಿಕ ಚಿತ್ರಗಳಿಗೆ ಹೋದರೆ ತಂಬೂರಿ ಹಿಡಿದ ನಾರದ. ಹಳಬರು ಇಂದಿಗೂ ನಾರದ ಎಂದರೆ ಅಶ್ವಥ್ ಎನ್ನುತ್ತಾರೆ. ಮನೆಯ ಯಜಮಾನ, ಆಳು, ದೇವಮುನಿ, ಈ ಮೂವರಿಗೂ ಅವರು ಒಂದೇ ನಿಲುವು ಕೊಡಲಿಲ್ಲ. ರಾಮಯ್ಯನ ಬೆನ್ನು ತುಸು ಬಾಗಿರುತ್ತದೆ, ನಾರದನದು ನೆಟ್ಟಗಿರುತ್ತದೆ.

ತಪ್ಪು ಕಲ್ಪನೆ: ಪೋಷಕ ನಟರು ನಾಯಕನ ನೆರಳಿನಲ್ಲಿ ಬದುಕಿದವರು.

ವಾಸ್ತವ: ಕನ್ನಡದ ಮಟ್ಟಿಗೆ ಇದು ಪೂರ್ತಿ ಸುಳ್ಳು. ಚಿತ್ರಗಳಿಲ್ಲದೆ ಕೈ ಖಾಲಿಯಾಗಿದ್ದ ಕಾಲದಲ್ಲಿ ರಾಜ್‌ಕುಮಾರ್, ಜಿ.ವಿ. ಅಯ್ಯರ್, ನರಸಿಂಹರಾಜು, ಬಾಲಕೃಷ್ಣ ಒಂದಾಗಿ ಕಲಾವಿದರ ಸಂಘ ಕಟ್ಟಿ ಊರೂರು ಸುತ್ತಿ ನಾಟಕವಾಡಿದರು. 1960ರಲ್ಲಿ ‘ರಣಧೀರ ಕಂಠೀರವ’ ತೆರೆಗೆ ಬಂದದ್ದು ಆ ಸಂಘದ ಹೆಸರಿನಲ್ಲಿ. ನರಸಿಂಹರಾಜು, ಬಾಲಕೃಷ್ಣ ಎಂಬ ಇಬ್ಬರು ಹಾಸ್ಯ ನಟರು ಸರಿಸಮನಾಗಿ ಹೆಗಲು ಕೊಟ್ಟ ಚಿತ್ರವದು. ಕಿವಿ ಸರಿಯಾಗಿ ಕೇಳದ ಬಾಲಕೃಷ್ಣ ಮುಂದೆ ಕೆಂಗೇರಿಯ ಬಳಿ ಅಭಿಮಾನ್ ಸ್ಟುಡಿಯೊವನ್ನೇ ಕಟ್ಟಿದರು. ಇವರನ್ನು ನೆರಳು ಎನ್ನಲು ನನಗೆ ಮನಸ್ಸು ಬಾರದು.

ತಪ್ಪು ಕಲ್ಪನೆ: ಅಶ್ವಥ್ ನಮ್ಮ ಬೆಂಗಳೂರಿನವರು, ಗಾಂಧಿನಗರದವರು.

ವಾಸ್ತವ: ಅವರು ಕಡೆಯವರೆಗೂ ಮೈಸೂರಿನವರು. ಕನ್ನಡ ಚಿತ್ರಗಳು ಮದರಾಸಿನಲ್ಲಿ ತಯಾರಾಗುತ್ತಿದ್ದಾಗಲೂ, ಉದ್ಯಮ ಗಾಂಧಿನಗರಕ್ಕೆ ಬಂದಮೇಲೂ ಅವರ ಮನೆ ಸರಸ್ವತಿಪುರದಲ್ಲೇ ಇತ್ತು.

ತಪ್ಪು ಕಲ್ಪನೆ: ಅವಕಾಶ ಸಿಗದೆ ಮನೆಯಲ್ಲಿ ಕುಳಿತರು.

ವಾಸ್ತವ: 1990ರ ದಶಕದ ನಡುವೆ ಅವರು ತಾವಾಗಿಯೇ ಬಣ್ಣ ಕಳಚಿದರು. ಹೊಸ ತಲೆಮಾರಿನ ಜೊತೆ, ಬದಲಾದ ಕೆಲಸದ ರೀತಿಯ ಜೊತೆ ಅವರಿಗೆ ಹೊಂದಿಕೆಯಾಗಲಿಲ್ಲ. 2000ದಲ್ಲಿ ‘ಶಬ್ದವೇಧಿ’ಗೆ ಮರಳಿ ಬಂದದ್ದು ರಾಜ್‌ಕುಮಾರ್ ಅವರ ಮೇಲಿನ ವಿಶ್ವಾಸಕ್ಕೆ. ಹಿರಿಯ ನಟರೊಬ್ಬರು ಹೀಗೆ ದೂರ ಸರಿದಾಗ ಸೋಲು ಅವರದ್ದಲ್ಲ, ಅವರನ್ನು ಉಳಿಸಿಕೊಳ್ಳಲಾಗದ ಚಿತ್ರರಂಗದ್ದು.

ಓದುಗರಲ್ಲಿ ಒಂದು ಕೋರಿಕೆ. 1934ರ ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಪೋಷಕ ನಟರ ಮಟ್ಟಿಗೆ ಈ ನಷ್ಟ ಇನ್ನೂ ದೊಡ್ಡದು. ನಾಯಕರ ಚಿತ್ರಪಟ್ಟಿಯನ್ನು ಅಭಿಮಾನಿಗಳು ಕಾಪಾಡುತ್ತಾರೆ, ಇವರದ್ದನ್ನು ಕಾಪಾಡುವವರು ಕಡಿಮೆ. ಟಾಕೀಸುಗಳಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳಲ್ಲಿ ತಾರಾಗಣದ ಪಟ್ಟಿ ಇರುತ್ತಿತ್ತು. ವೈಯಾಲಿಕಾವಲ್, ಮಲ್ಲೇಶ್ವರ, ಚಾಮರಾಜಪೇಟೆಯ ಹಳೆಯ ಮನೆಗಳ ಟ್ರಂಕುಗಳಲ್ಲಿ ಅಂಥ ಪುಸ್ತಕಗಳು ಇನ್ನೂ ಇರಬಹುದು. ಮನೆ ಖಾಲಿ ಮಾಡುವಾಗ ಅವನ್ನು ದಯವಿಟ್ಟು ರದ್ದಿಗೆ ಹಾಕಬೇಡಿ. ಯಾವುದಾದರೂ ಗ್ರಂಥಾಲಯಕ್ಕೆ ಕೊಡಿ.